ಪುಟ್ಟಿಯನ್ನು ಸಾಫ್ಟ್‌ಬಾಲ್ ಲೀಗಿಗೆ ಸೇರಿಸಿದ ವಿಚಾರ

ಬಾಥೆಲ್, ವಾಷಿಂಗ್ಟನ್ ರಾಜ್ಯ
18 ಜನವರಿ 2026

ತೀರ್ಥರೂಪರಾದ ಅಪ್ಪನವರ ಪಾದಗಳಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ, ಅದರಲ್ಲೂ ಅಮ್ಮನ ಮಂಡಿನೋವು ಈಗ ಹೇಗಿದೆ ಎಂಬುದಕ್ಕೆ, ತಪ್ಪದೆ ಬರೆಯಬೇಕು. ಪುಟ್ಟಿಯನ್ನು ಸಾಫ್ಟ್‌ಬಾಲ್ (ಬೇಸ್‌ಬಾಲಿನ ಜಾತಿಯ ಆಟ) ಲೀಗಿಗೆ, ಅಂದರೆ ಊರಿನ ಮಕ್ಕಳ ತಂಡಗಳ ಕೂಟಕ್ಕೆ, ಸೇರಿಸಿದ ಸುದ್ದಿಯನ್ನು ಸಂಕ್ರಾಂತಿಯ ದಿನ ಫೋನಿನಲ್ಲಿ ಹೇಳಿದಾಗ, "ಆಟ ಆಡುವುದಕ್ಕೂ ಅರ್ಜಿ ಹಾಕಿ ದುಡ್ಡು ಕಟ್ಟಬೇಕೇನಮ್ಮಾ? ಅವಳ ಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಇಲ್ಲವೇ?" ಎಂದು ನೀವು ಕೇಳಿದಿರಿ. ಸರ್ವೀಸು ಪೂರ್ತಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು, ಯಾರಿಂದಲೂ ಒಂದು ಪೈಸೆ ಪಡೆಯದೆ ಬೆಳಗಿನ ಜಾವವೇ ಮಕ್ಕಳನ್ನು ಮೈದಾನಕ್ಕೆ ಕರೆಸುತ್ತಿದ್ದ ನಿಮಗೆ ಈ ಪ್ರಶ್ನೆ ಏಳುವುದು ಸಹಜವೇ. ಹಬ್ಬದ ಗದ್ದಲದಲ್ಲಿ ನೆಟ್ಟಗೆ ಉತ್ತರ ಹೇಳಲಾಗಲಿಲ್ಲವಾದ್ದರಿಂದ ಈ ಕಾಗದ ಸ್ವಲ್ಪ ಉದ್ದವಾಗಿಯೇ ಬರುತ್ತಿದೆ.

ಅವಳ ಶಾಲೆಯಲ್ಲಿ ವ್ಯಾಯಾಮದ ಪೀರಿಯಡ್ ಇದೆ, ಮೇಷ್ಟ್ರೂ ಇದ್ದಾರೆ. ಆದರೆ ಶಾಲೆಯ ಹೆಸರಿನಲ್ಲಿ ಪಂದ್ಯ ಆಡುವ ತಂಡಗಳು ಇರುವುದು ಮಿಡ್ಲ್ ಸ್ಕೂಲ್, ಹೈಸ್ಕೂಲುಗಳಲ್ಲಿ. ಒಂಬತ್ತು ವರ್ಷದ ಹುಡುಗಿ ತಂಡದಲ್ಲಿ ಆಡಬೇಕೆಂದರೆ ಊರಿನ ಲೀಗೇ ಗತಿ. ನಾವು ಸೇರಿಸಿರುವುದು ಲಿಟ್ಲ್ ಲೀಗ್ ವ್ಯವಸ್ಥೆಗೆ ಸೇರಿದ ಒಂದು ಸ್ಥಳೀಯ ಲೀಗಿಗೆ. ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ 1939ರಲ್ಲಿ ಕಾರ್ಲ್ ಸ್ಟಾಟ್ಸ್ ಎಂಬುವವರು ಮೂರೇ ಮೂರು ತಂಡಗಳನ್ನು ಕಟ್ಟಿ ಹುಡುಗರ ಬೇಸ್‌ಬಾಲಿಗಾಗಿ ಇದನ್ನು ಆರಂಭಿಸಿದರು. ನಿಯಮಗಳು ಇಂದಿಗೂ ಅಲ್ಲಿಂದಲೇ ಬರುತ್ತವೆ. ಊರೂರಿನಲ್ಲಿ ಲೀಗನ್ನು ನಡೆಸುವವರು ಮಾತ್ರ ಆಯಾ ಊರಿನ ತಂದೆತಾಯಿಯರು. ಅಧ್ಯಕ್ಷರು, ಖಜಾಂಚಿ, ಬ್ಯಾಟು-ಹೆಲ್ಮೆಟ್ಟುಗಳ ಉಸ್ತುವಾರಿಯವರು, ಎಲ್ಲರೂ ಹಗಲು ತಮ್ಮ ತಮ್ಮ ಕೆಲಸ ಮುಗಿಸಿ ಸಂಜೆ ಇದನ್ನು ನೋಡಿಕೊಳ್ಳುವವರೇ, ಯಾರಿಗೂ ಸಂಬಳವಿಲ್ಲ. ಮೈದಾನ ನಗರಾಡಳಿತದ್ದೋ ಶಾಲೆಯದ್ದೋ ಆಗಿರುವುದರಿಂದ ಅದಕ್ಕೆ ಬಾಡಿಗೆ, ಅಂಪೈರುಗಳಿಗೆ ಭತ್ಯೆ, ವಿಮೆ, ಚೆಂಡು, ಮಕ್ಕಳ ಅಂಗಿ-ಟೋಪಿ ಎಲ್ಲವೂ ನಾವು ಕಟ್ಟುವ ಶುಲ್ಕದಿಂದಲೇ ನಡೆಯಬೇಕು. ಶುಲ್ಕ ಕಟ್ಟಲಾಗದ ಕಾರಣಕ್ಕೆ ಯಾವ ಮಗುವನ್ನೂ ವಾಪಸು ಕಳುಹಿಸಕೂಡದು ಎಂಬ ನಿಯಮವೂ ಲಿಟ್ಲ್ ಲೀಗಿನಲ್ಲಿ ಇದೆ. ಇದನ್ನು ನಿಮಗೆ ಮುಖ್ಯವಾಗಿ ತಿಳಿಸಬೇಕೆನಿಸಿತು, ಏಕೆಂದರೆ ಅಂದು ನಿಮ್ಮ ದನಿಯಲ್ಲಿದ್ದ ಬೇಸರ ಹಣದ ಮೊತ್ತದ ಬಗ್ಗೆ ಅಲ್ಲವೆಂದು ನನಗೆ ಗೊತ್ತು.

ಅರ್ಜಿಯ ಕಥೆಯನ್ನು ಕೇಳಿ. ಎಲ್ಲವೂ ಕಂಪ್ಯೂಟರಿನಲ್ಲೇ ಆದರೂ ಕಾಗದಪತ್ರಗಳ ಕಾಟ ನಮ್ಮ ತಾಲೂಕು ಕಚೇರಿಗೇನೂ ಕಡಿಮೆಯಿಲ್ಲ. ಪ್ರತಿ ಲೀಗಿಗೂ ನಕ್ಷೆಯಲ್ಲಿ ಗೆರೆ ಎಳೆದಂತೆ ಒಂದು ಎಲ್ಲೆ ಇದ್ದು, ಆ ಎಲ್ಲೆಯೊಳಗೆ ಮನೆ ಇದೆಯೆಂದೋ ಮಗು ಅಲ್ಲಿನ ಶಾಲೆಯಲ್ಲಿ ಓದುತ್ತಿದೆಯೆಂದೋ ದಾಖಲೆ ತೋರಿಸಬೇಕು. ಚೆನ್ನಾಗಿ ಆಡುವ ಮಕ್ಕಳನ್ನು ಅಕ್ಕಪಕ್ಕದ ಊರಿನಿಂದ ಎಳೆದು ತಂದು ತಂಡ ಕಟ್ಟುವುದನ್ನು ತಡೆಯಲು ಈ ಏರ್ಪಾಡು; ತಾಲೂಕು ಮಟ್ಟದ ಕ್ರೀಡಾಕೂಟದಲ್ಲಿ ಬೇರೆ ಶಾಲೆಯ ಹುಡುಗನನ್ನು ತಮ್ಮವನೆಂದು ತೋರಿಸಿ ಓಡಿಸಿದವರ ಮೇಲೆ ನೀವು ರೇಗಾಡಿದ್ದು ನನಗಿನ್ನೂ ನೆನಪಿದೆ. ವಯಸ್ಸಿಗೆ ಸಾಕ್ಷಿಯಾಗಿ ಕೊಟ್ಟದ್ದು ನಮ್ಮ ತಿಪಟೂರಿನ ಜನನ ಪ್ರಮಾಣಪತ್ರ. ಹೆರಿಗೆಗೆ ನಾನು ತವರಿಗೆ ಬಂದಿದ್ದಾಗ ನಗರಸಭೆಯಲ್ಲಿ ನೀವೇ ನಿಂತು ಬರೆಸಿಕೊಂಡು ಬಂದ ಕಾಗದ ಅದು. ಮೇಲೆ ಕನ್ನಡ, ಅದರ ಜೊತೆಗೇ ಇಂಗ್ಲಿಷ್, ಮೂಲೆಯಲ್ಲಿ ಸೀಲು. ಅದನ್ನು ಪರಿಶೀಲಿಸಿದ ಮಹಿಳೆ ಕನ್ನಡದ ಸಾಲುಗಳ ಮೇಲೆ ಬೆರಳಾಡಿಸಿ, ಇದು ಯಾವ ಲಿಪಿಯೆಂದು ಕೇಳಿ, ಪುಟ್ಟಿಯಿಂದ ಅವಳ ಹೆಸರನ್ನು ಓದಿಸಿಕೊಂಡರು. ಅವಳು ಅಕ್ಷರ ಅಕ್ಷರ ಕೂಡಿಸಿ ಓದಿದಳು, ಆದರೆ ತಪ್ಪಿಲ್ಲದೆ ಓದಿದಳು.

ಇನ್ನೊಂದು ಕಾಗದಕ್ಕೆ ತಾಯಿಯಷ್ಟೇ ಅಲ್ಲ, ಮಗುವೂ ಸಹಿ ಹಾಕಬೇಕು. ನಮ್ಮ ಈ ರಾಜ್ಯದಲ್ಲಿಯೇ 2006ರಲ್ಲಿ ಝ್ಯಾಕರಿ ಲಿಸ್ಟೆಡ್ ಎಂಬ 13 ವರ್ಷದ ಬಾಲಕ ಅಮೆರಿಕನ್ ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟು ಮಾಡಿಕೊಂಡು, ಅದೇ ಪಂದ್ಯದಲ್ಲಿ ಮತ್ತೆ ಆಟಕ್ಕಿಳಿದು, ಪಂದ್ಯ ಮುಗಿಯುತ್ತಲೇ ಕುಸಿದುಬಿದ್ದ. ಮೆದುಳಿನ ಶಸ್ತ್ರಚಿಕಿತ್ಸೆಯಾಗಿ ಜೀವ ಉಳಿಯಿತಾದರೂ ನಡೆಯುವುದನ್ನು, ಮಾತನಾಡುವುದನ್ನು ಅವನು ಹೊಸದಾಗಿ ಕಲಿಯಬೇಕಾಯಿತು. ಅವನ ಹೆಸರಿನಲ್ಲಿಯೇ 2009ರಲ್ಲಿ ಇಲ್ಲಿ ಕಾನೂನು ಬಂತು: ತಲೆಗೆ ಪೆಟ್ಟಾಗಿದೆ ಎಂಬ ಅನುಮಾನ ಬಂದರೆ ಸಾಕು, ಮಗುವನ್ನು ಆಟದಿಂದ ಹೊರಗೆ ಕೂರಿಸಬೇಕು, ವೈದ್ಯಕೀಯ ಪರವಾನಗಿ ಇರುವವರು ಲಿಖಿತವಾಗಿ ಒಪ್ಪಿಗೆ ಕೊಡುವವರೆಗೆ ಮತ್ತೆ ಇಳಿಸಕೂಡದು. ಮುಂದಿನ ಐದು ವರ್ಷಗಳಲ್ಲಿ ಅಮೆರಿಕದ ಎಲ್ಲ 50 ರಾಜ್ಯಗಳೂ ಇಂಥ ಕಾನೂನು ಮಾಡಿಕೊಂಡವು. ಬಿದ್ದವನನ್ನು ಎಬ್ಬಿಸಿ, ನೀರು ಚಿಮುಕಿಸಿ, "ಏನಾಗಲ್ಲ, ಆಡೋ" ಎಂದು ಬೆನ್ನು ತಟ್ಟುವುದೇ ಎಲ್ಲ ಕಡೆಯ ರೂಢಿಯಾಗಿತ್ತು. ಆ ರೂಢಿಯನ್ನು ಒಂದು ಹಾಳೆ ನಿಲ್ಲಿಸಿದೆಯೆಂದರೆ ಅಂಥ ಹಾಳೆಗೆ ಸಹಿ ಹಾಕಲು ನನಗೆ ಯಾವ ತಕರಾರೂ ಇಲ್ಲ.

ತರಬೇತಿ ಕೊಡುವವರೂ ಪೋಷಕರೇ. ನಿಮ್ಮ ಅಳಿಯ ಸಹಾಯಕ ಕೋಚ್ ಆಗಲು ಹೆಸರು ಕೊಟ್ಟಿದ್ದಾರೆ. ಮಕ್ಕಳ ಜೊತೆ ಕೆಲಸ ಮಾಡುವ ಪ್ರತಿಯೊಬ್ಬರ ಮೇಲೂ ಹಿಂದೆ ಏನಾದರೂ ಅಪರಾಧದ ದಾಖಲೆ ಇದೆಯೇ ಎಂದು ಪ್ರತಿ ವರ್ಷ ತಪಾಸಣೆಯಾಗುತ್ತದೆ. ಇಲ್ಲಿನ ಜಿಮ್ನಾಸ್ಟಿಕ್ಸ್ ಕ್ಷೇತ್ರದಲ್ಲಿ ಬಯಲಾದ ಲೈಂಗಿಕ ದೌರ್ಜನ್ಯದ ಪ್ರಕರಣಗಳ ನಂತರ 2018ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಮಕ್ಕಳ ಮೇಲೆ ಅಂಥದ್ದೇನಾದರೂ ನಡೆದಿದೆಯೆಂಬ ಶಂಕೆ ಬಂದರೆ 24 ಗಂಟೆಯೊಳಗೆ ದೂರು ಕೊಡುವುದು ಕೋಚುಗಳ ಕರ್ತವ್ಯ. ಇವರು ಅದರ ಪಾಠವನ್ನು ಕಂಪ್ಯೂಟರಿನ ಮುಂದೆ ಕುಳಿತು ಮುಗಿಸಿ ಸರ್ಟಿಫಿಕೇಟ್ ಪಡೆದರು. ತಂದೆಯರೇ ಕೋಚುಗಳಾಗಿರುವ ಕಡೆ ಅವರವರ ಮಗಳಿಗೇ ಪಿಚರ್ (ಚೆಂಡು ಎಸೆಯುವವಳ) ಸ್ಥಾನ ಸಿಗುತ್ತದೆ ಎಂಬ ಗೊಣಗಾಟವೂ ಇಲ್ಲಿ ಧಾರಾಳವಾಗಿದೆ; ಆ ವಿಷಯದಲ್ಲಿ ಮನುಷ್ಯರು ಎಲ್ಲಿದ್ದರೂ ಒಂದೇ. ನಾನು ಸ್ಕೋರ್ ಬರೆಯುವ ಕೆಲಸ ಕೇಳಿಕೊಂಡಿದ್ದೇನೆ. ಹೈಸ್ಕೂಲ್ ಮೈದಾನದಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಓವರಿನ ಚುಕ್ಕೆಗಳನ್ನು ತುಂಬಿದ ಅಭ್ಯಾಸ ಇನ್ನೆಲ್ಲಿ ಉಪಯೋಗಕ್ಕೆ ಬರಬೇಕು? ಇಲ್ಲಿನ ಪುಸ್ತಕದಲ್ಲಿ ಬ್ಯಾಟ್ ಮಾಡುವ ಪ್ರತಿ ಹುಡುಗಿಗೂ ಒಂದು ಚೌಕ, ಚೌಕದೊಳಗೆ ವಜ್ರಾಕಾರ. ಹುಡುಗಿ ಎಷ್ಟು ಬೇಸ್ (ಓಡುತ್ತ ಮುಟ್ಟಬೇಕಾದ ನಾಲ್ಕು ಗುರುತುಗಳು) ಮುಟ್ಟಿದಳೋ ಅಷ್ಟು ಬದಿಗಳಿಗೆ ಗೆರೆ ಎಳೆಯಬೇಕು. ಮೂರು ಸ್ಟ್ರೈಕಿಗೆ, ಅಂದರೆ ಮೂರು ಸಲ ಹೊಡೆಯುವ ಅವಕಾಶ ತಪ್ಪಿಸಿಕೊಂಡು, ಔಟಾದರೆ 'ಕೆ' ಎಂದು ಬರೆಯಬೇಕು.

ಇನ್ನು ಆಟದ ವಿಚಾರ. ನಿಮ್ಮ ಟ್ರೇನಿಂಗಿನ ಪುಸ್ತಕದಲ್ಲಿ ಸಾಫ್ಟ್‌ಬಾಲಿನ ಅಂಕಣದ ಚಿತ್ರ ನೋಡಿಯೇ ಇರುತ್ತೀರಿ. 1887ರ ನವೆಂಬರಿನಲ್ಲಿ ಶಿಕಾಗೋ ನಗರದ ಒಂದು ದೋಣಿ ಕ್ಲಬ್ಬಿನಲ್ಲಿ, ಒಂದೆಡೆ ಸೇರಿದ್ದ ಯುವಕರು ಬಾಕ್ಸಿಂಗ್ ಗ್ಲೌಸನ್ನು ದಾರದಿಂದ ಬಿಗಿದು ಚೆಂಡು ಮಾಡಿಕೊಂಡು, ಪೊರಕೆಯ ಕೋಲಿನಿಂದ ಹೊಡೆದು ಹುಟ್ಟುಹಾಕಿದ ಆಟವಿದು. ಪುಟ್ಟಿಯ ವಯಸ್ಸಿನವರಿಗೆ 11 ಇಂಚು ಸುತ್ತಳತೆಯ ಹಳದಿ ಚೆಂಡು. ತೂಕ ಸುಮಾರು 170 ಗ್ರಾಂ, ಅಂದರೆ ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹೆಚ್ಚೇ. ಕ್ರಿಕೆಟ್ಟಿನಲ್ಲಿ ವಿಕೆಟ್ಟುಗಳ ನಡುವೆ 66 ಅಡಿಯಾದರೆ ಇಲ್ಲಿ ಚೆಂಡು ಎಸೆಯುವವಳು ಕೇವಲ 35 ಅಡಿ ದೂರದಲ್ಲಿ ನಿಂತಿರುತ್ತಾಳೆ. ತೋಳನ್ನು ಗಾಳಿಯಂತ್ರದ ರೆಕ್ಕೆಯ ಹಾಗೆ ಒಂದು ಸುತ್ತು ತಿರುಗಿಸಿ, ಸೊಂಟದ ಪಕ್ಕದಲ್ಲಿ ಕೆಳಗಿನಿಂದಲೇ ಬಿಡಬೇಕು. ಭುಜದ ಮೇಲಿನಿಂದ ಚೆಂಡು ಬಿಡುವಂತಿಲ್ಲ. ಚೆಂಡು ಪುಟಿಯದೆ ನೇರವಾಗಿ ಬರುವುದರಿಂದ ಮುಖದ ಭಯ ಇದ್ದದ್ದೇ. ಆದ್ದರಿಂದ ಅಮ್ಮನಿಗೆ ಸಮಾಧಾನ ಹೇಳಿ: ಬ್ಯಾಟ್ ಹಿಡಿಯುವಾಗಲೂ ಓಡುವಾಗಲೂ ತಂತಿಯ ಜಾಲರಿಯಿರುವ ಹೆಲ್ಮೆಟ್, ಫೀಲ್ಡಿಂಗ್ ಮಾಡುವಾಗ ಬೇರೆಯದೇ ಮುಖಕವಚ, ಹಲ್ಲಿಗೆ ಗಾರ್ಡ್, ಎಲ್ಲವನ್ನೂ ತಂದಿದ್ದೇವೆ. ಮೊದಲ ಬೇಸನ್ನು ಕೂಡ ಜೋಡಿಯಾಗಿ ಇಟ್ಟಿರುತ್ತಾರೆ. ಬಿಳಿಯ ಅರ್ಧ ಫೀಲ್ಡರಿಗೆ, ಕಿತ್ತಳೆ ಬಣ್ಣದ ಅರ್ಧ ಓಡಿ ಬರುವವಳಿಗೆ, ಇಬ್ಬರೂ ಡಿಕ್ಕಿ ಹೊಡೆಯದಿರಲೆಂದು. ಹೊಸ ಗ್ಲೌಸು ಮಾತ್ರ ಹಲಗೆಯ ಹಾಗೆ ಬಿಗಿಯಾಗಿತ್ತು. ಅದಕ್ಕೆ ಎಣ್ಣೆ ಸವರಿ, ಅಂಗೈಯ ಗುಳಿಯಲ್ಲಿ ಚೆಂಡಿಟ್ಟು, ರಬ್ಬರ್ ಬ್ಯಾಂಡ್ ಸುತ್ತಿ ರಾತ್ರಿ ಹಾಸಿಗೆಯ ಕೆಳಗಿಟ್ಟುಕೊಂಡು ಮಲಗುತ್ತಿದ್ದಾಳೆ. ಈಗೀಗ ಬೆರಳು ಮಡಚಿದರೆ ಗ್ಲೌಸು ಮಡಚುತ್ತದೆ.

ಕ್ರಿಕೆಟ್ ಯಾಕಲ್ಲ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ. ನವೆಂಬರಿನಲ್ಲಿ ನಮ್ಮ ಹೆಣ್ಣುಮಕ್ಕಳು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ವಿಶ್ವಕಪ್ ಗೆದ್ದ ದಿನ ಪುಟ್ಟಿ ನಿಮ್ಮೊಂದಿಗೆ ವೀಡಿಯೋ ಕರೆಯಲ್ಲಿ ಕುಣಿದದ್ದನ್ನು ನೋಡಿ ನಿಮಗೆ ಆಸೆ ಹುಟ್ಟಿದ್ದು ನ್ಯಾಯವೇ. ಕ್ರಿಕೆಟ್ ಇಲ್ಲಿಯೂ ಇದೆ. ಪಕ್ಕದ ರೆಡ್ಮಂಡಿನ ಮೇರಿಮೂರ್ ಪಾರ್ಕಿನಲ್ಲಿ ಮೈದಾನವಿದ್ದು ನಮ್ಮವರು ಶನಿವಾರ-ಭಾನುವಾರ ಆಡುತ್ತಾರೆ. ಆದರೆ ಅವಳ ಓರಗೆಯ ಹುಡುಗಿಯರು ಅಲ್ಲಿ ವಿರಳ. ಗಂಡುಮಕ್ಕಳ ನಡುವೆ ಒಬ್ಬಳೇ ಲಾಂಗ್ ಆನಿನಲ್ಲಿ ನಿಲ್ಲುವುದಕ್ಕಿಂತ, ತರಗತಿಯ ಗೆಳತಿಯರ ಜೊತೆ ಆಟದ ನಡುಮಧ್ಯೆ ಇರುವುದು ಮೇಲೆಂದು ನನಗೆ ತೋರಿತು. ಅವಳಾಗಿಯೇ ಕೇಳಿದ್ದೂ ಇದನ್ನೇ. ಹೋದ ವಸಂತದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ತಂಡದ ಪಂದ್ಯಕ್ಕೆ ಕರೆದೊಯ್ದಿದ್ದೆವು; ಆ ತಂಡ 2009ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಪಿಚರ್ ಬಿಟ್ಟ ಚೆಂಡು ಬ್ಯಾಟ್ ಮಾಡುವವಳ ಹಿಂದೆ ಕೂತ ಕ್ಯಾಚರಿನ ಗ್ಲೌಸಿಗೆ ಬಡಿದ ಸದ್ದಿಗೆ ಪುಟ್ಟಿ ಬೆಚ್ಚಿಬಿದ್ದು, ಆಮೇಲೆ ಕಣ್ಣು ಕೀಳಲೇ ಇಲ್ಲ.

ಹುಡುಗಿಯರಿಗೆ ಈ ಬಾಗಿಲು ತಾನಾಗಿಯೇ ತೆರೆದದ್ದಲ್ಲ ಎಂಬುದನ್ನೂ ಹೇಳಬೇಕು. 1972ರಲ್ಲಿ ನ್ಯೂಜೆರ್ಸಿಯ ಹೊಬೊಕೆನ್ ಊರಿನಲ್ಲಿ ಮರಿಯಾ ಪೆಪೆ ಎಂಬ 12 ವರ್ಷದ ಹುಡುಗಿ ಲಿಟ್ಲ್ ಲೀಗ್ ಬೇಸ್‌ಬಾಲ್ ತಂಡದಲ್ಲಿ ಮೂರು ಪಂದ್ಯ ಆಡಿದಳು. ಅವಳನ್ನು ತಂಡದಿಂದ ಕೈಬಿಡದಿದ್ದರೆ ಊರಿನ ಲೀಗಿನ ಮಾನ್ಯತೆಯನ್ನೇ ರದ್ದುಮಾಡುವುದಾಗಿ ಮೇಲಿನವರು ಹೆದರಿಸಿದ್ದರಿಂದ ಅವಳು ತಂಡದ ಅಂಗಿ ಕಳಚಿಡಬೇಕಾಯಿತು. ಮಹಿಳಾ ಸಂಘಟನೆಯೊಂದು ಅವಳ ಪರವಾಗಿ ಹೋರಾಡಿ ಗೆದ್ದು, 1974ರಲ್ಲಿ ಲಿಟ್ಲ್ ಲೀಗ್ ಹುಡುಗಿಯರಿಗೆ ತೆರೆಯಿತು. ಸಾಫ್ಟ್‌ಬಾಲ್ ವಿಭಾಗ ಆರಂಭವಾದದ್ದೂ ಅದೇ ವರ್ಷ. ಅಷ್ಟು ಹೊತ್ತಿಗೆ ಅವಳಿಗೆ ವಯಸ್ಸು ಮೀರಿತ್ತು. ನಿಮ್ಮ ಶಾಲೆಯಲ್ಲಿ ಹುಡುಗಿಯರ ಥ್ರೋಬಾಲ್ ತಂಡ ಕಟ್ಟಲು ಹೆಡ್ಮಾಸ್ಟರ ಹತ್ತಿರ ನೀವು ಎಷ್ಟು ಜಗಳವಾಡಿದ್ದಿರೆಂದು ಅಮ್ಮ ಹೇಳುತ್ತಿದ್ದಳು.

ಫೆಬ್ರವರಿಯಲ್ಲಿ ಎಲ್ಲ ಹುಡುಗಿಯರನ್ನೂ ಒಂದು ಕಡೆ ಸೇರಿಸಿ, ಎಸೆತ, ಹಿಡಿತ, ಓಟ ನೋಡಿ ಅಂಕ ಹಾಕುತ್ತಾರೆ. ಆ ಅಂಕದ ಆಧಾರದಲ್ಲಿ ಕೋಚುಗಳು ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುವುದರಿಂದ ಗಟ್ಟಿ ಆಟಗಾರ್ತಿಯರೆಲ್ಲ ಒಂದೇ ತಂಡದಲ್ಲಿ ಸೇರುವುದಿಲ್ಲ. ನಿಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾಗುವ ನಿಯಮ ಇದು: ತಂಡದಲ್ಲಿ ಹೆಸರಿರುವ ಪ್ರತಿ ಮಗುವೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಒಂದು ಸಲ ಬ್ಯಾಟ್ ಹಿಡಿಯಲೇಬೇಕು, ಎದುರು ತಂಡದವರು ಆರು ಔಟ್ ಆಗುವಷ್ಟು ಹೊತ್ತು ಮೈದಾನದಲ್ಲಿ ನಿಲ್ಲಲೇಬೇಕು. ಬೆಂಚಿನ ಮೇಲೆ ಕೂತು ನೀರಿನ ಬಾಟಲಿ ಕಾಯುವ 'ಎಕ್ಸ್‌ಟ್ರಾ ಪ್ಲೇಯರ್' ಇಲ್ಲಿ ಇಲ್ಲ. ದೊಡ್ಡ ಊರುಗಳಿಗೆ ಹೋಗಿ ಟೂರ್ನಮೆಂಟ್ ಆಡುವ, ವರ್ಷಕ್ಕೆ ಸಾವಿರಾರು ಡಾಲರ್ ನುಂಗುವ ಕ್ಲಬ್ ತಂಡಗಳೂ ಇವೆ. ಕಾಲೇಜಿನ ವಿದ್ಯಾರ್ಥಿವೇತನದ ಆಸೆಗೆ ಎಷ್ಟೋ ಪೋಷಕರು ಆ ದಾರಿ ಹಿಡಿಯುತ್ತಾರೆ. ಒಂಬತ್ತು ವರ್ಷಕ್ಕೆ ಆ ಲೆಕ್ಕಾಚಾರ ಬೇಡವೆಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ.

ಶನಿವಾರದ ಪಂದ್ಯಕ್ಕೂ ಕನ್ನಡ ತರಗತಿಗೂ ಹೊಂದಿಕೆಯಾಗದೆ ತರಗತಿಯನ್ನು ಭಾನುವಾರದ ಗುಂಪಿಗೆ ಬದಲಿಸಿಕೊಂಡೆವು. ಕನ್ನಡ ಬಿಡಿಸಿದೆವೆಂದು ಅಮ್ಮ ಚಿಂತಿಸಬಾರದು. ಅಭ್ಯಾಸ ಮಾರ್ಚಿನಲ್ಲಿ ಶುರುವಾಗುತ್ತದೆ, ಪಂದ್ಯಗಳು ಏಪ್ರಿಲಿನಿಂದ. ಶಾಲೆಗೆ ರಜೆ ಬರುವ ಜೂನ್ ಮಧ್ಯದ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನೀವಿಬ್ಬರೂ ಜೂನ್ ಕೊನೆಗೆ ಹೊರಡುವ ಮಾತಾಡುತ್ತಿದ್ದಿರಿ. ಸಾಧ್ಯವಾದರೆ ಮೇ ಮೊದಲ ವಾರಕ್ಕೇ ಟಿಕೆಟ್ ಮಾಡಿಸಲು ತಮ್ಮನಿಗೆ ಹೇಳಿ. ಆ ಬಿಳಿ ಕ್ಯಾನ್ವಾಸ್ ಶೂ ಮಾತ್ರ ತರಬೇಡಿ. ಇಲ್ಲಿ ವಸಂತಕಾಲದಲ್ಲಿ ಮಳೆ ಬಿಡುವುದಿಲ್ಲ, ಮೈದಾನದ ಅಂಚೆಲ್ಲ ಕೆಸರು. ಮಳೆಗೆ ತಡೆಯುವ ಜೋಡು ಒಂದನ್ನು ಇಲ್ಲಿಯೇ ಕೊಳ್ಳೋಣ, ನಿಮ್ಮ ಅಳತೆ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು