ಈಜುಡುಗೆಯನ್ನು ನೀರು ನಿರ್ಧರಿಸಲಿ

ಮಾನ್ಯ ಸಂಪಾದಕರೇ,

ರಜೆಯ ದಿನಗಳು ಬಂತೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಡಲತೀರಗಳಲ್ಲಿ ಹೆಣ್ಣುಮಕ್ಕಳು ತೊಡುವ ಈಜುಡುಗೆಯ ಬಗ್ಗೆ ಚರ್ಚೆ ಏಳುತ್ತದೆ. ಬಿಕಿನಿ ತೊಟ್ಟವರಿಂದ ಊರಿನ ಮರ್ಯಾದೆ ಹೋಯಿತೆಂದು ಕೆಲವರು ಹೇಳಿದರೆ, ಮೈಮುಚ್ಚುವ ಒನ್-ಪೀಸ್ ಉಡುಪು ಹಳೆಯ ಕಾಲದ್ದೆಂದು ಇನ್ನು ಕೆಲವರು ಹೇಳುತ್ತಾರೆ. ಆದರೆ ಅದನ್ನು ತೊಟ್ಟವಳು ನೀರಿಗಿಳಿದು ಏನು ಮಾಡಲಿದ್ದಾಳೆ, ಅವಳು ಇಳಿಯುವ ನೀರು ಎಂಥದ್ದು ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಕೇಳುವುದಿಲ್ಲ. ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದು, ಹೆಣ್ಣುಮಕ್ಕಳಿಗೆ ಈಜು ಕಲಿಸುತ್ತ ಬಂದವಳಾಗಿ ಆ ಪ್ರಶ್ನೆಯಿಂದಲೇ ಈ ವಿಷಯವನ್ನು ನೋಡಬೇಕೆಂದು ನಾನು ಬಯಸುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈಜು ಕಲಿಯುವವರಿಗೆ, ಅಲೆಯಿರುವ ಕಡಲಿಗೆ ಇಳಿಯುವವರಿಗೆ ಒಂದೇ ತುಂಡಿನ ಈಜುಡುಗೆ, ಅದರಲ್ಲಿಯೂ ತೊಡೆಯ ಅರ್ಧದವರೆಗೆ ಬರುವಂಥದ್ದು, ಹೆಚ್ಚು ಅನುಕೂಲ. ಅಲೆ ಒಡೆಯುವ ಪಟ್ಟಿಯನ್ನು ದಾಟಿ ಒಳಗೆ ಹೋಗುವಾಗ ನೀರು ಎದೆಗೆ ಬಡಿಯುತ್ತದೆ. ದಡಕ್ಕೆ ಮರಳುವಾಗ ಅದೇ ನೀರು ಹಿಂದಿನಿಂದ ಎತ್ತಿ ಒಗೆಯುತ್ತದೆ. ಬೆನ್ನಿಗೂ ಕುತ್ತಿಗೆಗೂ ಲಾಡಿ ಕಟ್ಟಿದ, ಸೊಂಟದ ಎರಡು ಬದಿಗೆ ಗಂಟು ಹಾಕಿದ ಬಿಕಿನಿ ಆ ಹೊಡೆತಕ್ಕೆ ಜಾರುತ್ತದೆ. ಜಾರಿದ ಕೂಡಲೇ ತೊಟ್ಟವಳ ಕೈ ನೀರನ್ನು ಬಿಟ್ಟು ಬಟ್ಟೆಗೆ ಹೋಗುತ್ತದೆ. ಉಸಿರಿನ ಲೆಕ್ಕ ತಪ್ಪುತ್ತದೆ. ಮುಂದಿನ ಅಲೆ ಬರುತ್ತಿರುವುದು ಕಣ್ಣಿಗೆ ಬೀಳುವುದಿಲ್ಲ. ಕಾರವಾರದ ರವೀಂದ್ರನಾಥ ಕಡಲತೀರದಲ್ಲಾಗಲಿ ಗೋಕರ್ಣದ ಕುಡ್ಲೆಯಲ್ಲಾಗಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಉಡುಪನ್ನು ಸರಿಪಡಿಸಿಕೊಳ್ಳುವ ಹುಡುಗಿಯರನ್ನು ಗಮನಿಸಿದವರಿಗೆ ನಾನು ಹೇಳುವುದು ಅರ್ಥವಾದೀತು. ಈಜುಕೊಳದಲ್ಲಿಯೂ ಗೋಡೆಯನ್ನು ಒದ್ದು ಹೊರಡುವಾಗ, ಮೇಲಿನಿಂದ ತಲೆ ಮುಂದಾಗಿ ಜಿಗಿಯುವಾಗ, ಬಟರ್‌ಫ್ಲೈ ಹೊಡೆತದಲ್ಲಿ ಸೊಂಟ ಏರಿಳಿಯುವಾಗ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ.

ಇದು ಮೈಮುಚ್ಚಬೇಕೆಂಬ ಕಾರಣಕ್ಕೆ ಹೇಳುವ ಮಾತೆಂದು ಯಾರಾದರೂ ಭಾವಿಸಿದರೆ ಸ್ಪರ್ಧೆಯ ಈಜುಗಾರ್ತಿಯರನ್ನು ನೋಡಬೇಕು. ಇಂದಿನ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕೊಳದ ಸ್ಪರ್ಧೆಯಲ್ಲಿ ಹೆಣ್ಣುಮಕ್ಕಳ ಉಡುಪು ಕುತ್ತಿಗೆಯನ್ನು ಮುಚ್ಚಬಾರದು, ಭುಜವನ್ನು ದಾಟಬಾರದು, ಮೊಣಕಾಲಿಗಿಂತ ಕೆಳಗೆ ಬರಬಾರದು. ನಿಯಮ ಎಷ್ಟು ಉದ್ದಕ್ಕೆ ಅವಕಾಶ ಕೊಟ್ಟಿದೆಯೋ ಅಷ್ಟನ್ನೂ ಬಳಸಿಕೊಂಡು, ಭುಜದಿಂದ ಮೊಣಕಾಲಿನವರೆಗೆ ಬಿಗಿಯಾಗಿ ಕೂರುವ ಒಂದೇ ತುಂಡಿನ ಉಡುಪನ್ನು ಪ್ರಪಂಚದ ಅತಿ ವೇಗದ ಈಜುಗಾರ್ತಿಯರು ಆರಿಸಿಕೊಳ್ಳುತ್ತಾರೆ. ನೀರು ಮೈಮೇಲೆ ಸರಾಗವಾಗಿ ಜಾರಿಹೋಗಲಿ, ಸ್ನಾಯುಗಳು ಅಲುಗದೆ ಬಿಗಿಯಾಗಿರಲಿ ಎಂಬುದು ಅವರ ಉದ್ದೇಶ. ಉಡುಪಿನಿಂದ ವೇಗ ಎಷ್ಟು ಬದಲಾಗಬಲ್ಲದು ಎಂಬುದಕ್ಕೆ 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ ಸಾಕ್ಷಿ: ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್‌ನ ಲೇಪವಿದ್ದ ಉಡುಪುಗಳನ್ನು ತೊಟ್ಟವರು ಆ ಒಂದೇ ಕೂಟದಲ್ಲಿ 43 ವಿಶ್ವ ದಾಖಲೆಗಳನ್ನು ಮುರಿದರು. 2010ರ ಜನವರಿಯಿಂದ ಅಂಥ ಉಡುಪುಗಳನ್ನು ನಿಷೇಧಿಸಿ, ನೇಯ್ದ ಬಟ್ಟೆಗೆ ಮಾತ್ರ ಅವಕಾಶ ಕೊಡಲಾಯಿತು. ಮಗಳು ಮೈಕಾಣುವ ಉಡುಪು ತೊಡುವುದು ಬೇಡವೆನ್ನುವ ತಾಯಿಗೂ, ಮೈಮುಚ್ಚುವ ಉಡುಪು ಹಿಂದುಳಿದವರದ್ದೆನ್ನುವ ಮಗಳಿಗೂ ಈ ಮೊಣಕಾಲುದ್ದದ ಉಡುಪನ್ನು ಧೈರ್ಯವಾಗಿ ತೋರಿಸಬಹುದು.

ಬಿಕಿನಿ ಹುಟ್ಟಿದ ಬಗೆ ಬೇರೆ. 1946ರ ಜುಲೈ 5ರಂದು ಪ್ಯಾರಿಸ್ಸಿನ ಮೊಲಿತೋರ್ ಈಜುಕೊಳದಲ್ಲಿ ಲೂಯಿ ರೆಯಾರ್ ಎಂಬಾತ ಅದನ್ನು ಪ್ರದರ್ಶಿಸಿದ. ಮೂಲತಃ ಎಂಜಿನಿಯರ್ ಆಗಿದ್ದ ಆತ, ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅದೇ ತಿಂಗಳ ಮೊದಲ ದಿನ ಅಮೆರಿಕ ನಡೆಸಿದ ಅಣುಬಾಂಬ್ ಪರೀಕ್ಷೆಯ ಸುದ್ದಿಯ ಬಿಸಿಯಲ್ಲಿ ಆ ದ್ವೀಪದ ಹೆಸರನ್ನೇ ತನ್ನ ಉಡುಪಿಗೆ ಇಟ್ಟ. ಅಷ್ಟು ಚಿಕ್ಕ ಉಡುಪನ್ನು ತೊಟ್ಟು ನಿಲ್ಲಲು ರೂಪದರ್ಶಿಯರು ಒಪ್ಪದಿದ್ದಾಗ ಮಿಶೆಲಿನ್ ಬರ್ನಾರ್ದಿನಿ ಎಂಬ ನರ್ತಕಿ ಅದನ್ನು ತೊಟ್ಟಳು. ಕೊಳದ ದಂಡೆಯಲ್ಲಿ ನಿಲ್ಲಲು, ಬಿಸಿಲು ಕಾಯಲು ರೂಪುಗೊಂಡ ಉಡುಪು ಅದು. ಆ ಕೆಲಸಕ್ಕೆ ಅದು ಚೆನ್ನಾಗಿಯೇ ಇದೆ. ಅಲೆಯಿಲ್ಲದ ನೀರಿನಲ್ಲಿ ನಿಧಾನವಾಗಿ ತೇಲುತ್ತಿರುವುದಕ್ಕೂ ಅಡ್ಡಿಯಿಲ್ಲ.

ಎರಡು ತುಂಡಿನ ಉಡುಪೆಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸುವುದೂ ಸರಿಯಲ್ಲ. ಬೆನ್ನ ಮೇಲೆ ಅಗಲವಾದ ಪಟ್ಟಿಗಳು ಕೂಡುವ, ಸೊಂಟದ ಒಳಗೆ ಬಿಗಿಯುವ ದಾರವಿರುವ ಕ್ರೀಡಾ ಮಾದರಿಯ ಬಿಕಿನಿಯಲ್ಲಿ ಗಂಭೀರವಾಗಿಯೇ ಈಜಬಹುದು. ಕೊಳದ ಸ್ಪರ್ಧೆಯ ನಿಯಮವೂ ಒಂದು ಅಥವಾ ಎರಡು ತುಂಡಿನ ಉಡುಪಿಗೆ ಅವಕಾಶ ಕೊಡುತ್ತದೆ. ಎತ್ತರದ ಹೆಣ್ಣುಮಕ್ಕಳಿಗೆ ಒನ್-ಪೀಸ್ ಎಷ್ಟೋ ಬಾರಿ ಭುಜದಲ್ಲಿ ಕೊರೆಯುತ್ತದೆ. ಎದೆಯ ಅಳತೆ ಒಂದು, ಸೊಂಟದ ಅಳತೆ ಇನ್ನೊಂದು ಆಗಿರುವವರಿಗೆ, ಮಗುವಿಗೆ ಹಾಲೂಡಿಸುವ ತಾಯಂದಿರಿಗೆ ಎರಡು ತುಂಡಿನದೇ ಅನುಕೂಲ. ಶೌಚಕ್ಕೆ ಹೋಗಬೇಕಾದಾಗ ಒದ್ದೆಯಾದ ಒನ್-ಪೀಸನ್ನು ಪೂರ್ತಿ ಕಳಚಿ ಮತ್ತೆ ಏರಿಸಿಕೊಳ್ಳುವ ಕಷ್ಟವನ್ನು ತೊಟ್ಟವರೇ ಬಲ್ಲರು. ಇಂಥವರು ಉದ್ದನೆಯ ಮೇಲಂಗಿ ಮತ್ತು ಚಡ್ಡಿ ಬೇರೆಬೇರೆಯಾಗಿರುವ ಟ್ಯಾಂಕಿನಿಯನ್ನು ನೋಡಬಹುದು, ಆದರೆ ಅದರ ಮೇಲಂಗಿ ದೊಗಳೆಯಾಗಿದ್ದರೆ ನೀರು ತುಂಬಿಕೊಂಡು ಮೇಲೇಳುತ್ತದೆ.

ಕೊಳ್ಳುವಾಗ ಬಣ್ಣ ನೋಡುವ ಮೊದಲು ಅಳತೆ ನೋಡಬೇಕು. ಈಜುಡುಗೆ ನೀರಿನಲ್ಲಿ ಸ್ವಲ್ಪ ಸಡಿಲವಾಗುವುದರಿಂದ ಒಣಗಿರುವಾಗ ಹಿತವಾಗಿ ಬಿಗಿಯಿರುವುದನ್ನು ಆರಿಸಬೇಕು. ಮುಂದಿನ ವರ್ಷಕ್ಕೂ ಆಗಲೆಂದು ಶಾಲೆಯ ಸಮವಸ್ತ್ರದ ಹಾಗೆ ದೊಡ್ಡ ಅಳತೆಯದನ್ನು ತಂದರೆ ಮಗು ಈಜುವುದಿಲ್ಲ, ಬಟ್ಟೆಯನ್ನು ಹಿಡಿದುಕೊಂಡಿರುತ್ತದೆ. ಒನ್-ಪೀಸಿಗೆ ಎದೆ, ಸೊಂಟಗಳ ಅಳತೆ ಸಾಲದು. ಭುಜದಿಂದ ಇಳಿದು ಕಾಲಸಂದಿನ ಮೂಲಕ ಮತ್ತೆ ಅದೇ ಭುಜಕ್ಕೆ ಟೇಪನ್ನು ತಂದು ಮೈಯ ಉದ್ದವನ್ನು ಅಳೆಯಬೇಕು. ತೊಟ್ಟುಕೊಂಡು ಕೈಗಳನ್ನು ಮೇಲೆತ್ತಿ, ಬಗ್ಗಿ, ಕುಕ್ಕರುಗಾಲಿನಲ್ಲಿ ಕುಳಿತು, ನಿಂತಲ್ಲೇ ಜಿಗಿದು ನೋಡಿದರೆ ಯಾವುದು ಜಾರುತ್ತದೆ ಎಂಬುದು ಅಂಗಡಿಯಲ್ಲಿಯೇ ಗೊತ್ತಾಗುತ್ತದೆ. ಒಳಪದರವಿಲ್ಲದ ತಿಳಿಬಣ್ಣದ ಬಟ್ಟೆ ಒದ್ದೆಯಾದಾಗ ಪಾರದರ್ಶಕವಾಗುತ್ತದೆ. ನೈಲಾನ್ ಮತ್ತು ಹಿಗ್ಗುವ ಸ್ಪ್ಯಾಂಡೆಕ್ಸ್ ನೂಲು ಕೂಡಿದ ಬಟ್ಟೆ ಮೃದು, ಬೇಗ ಒಣಗುತ್ತದೆ, ಆದರೆ ಕೊಳದ ಕ್ಲೋರಿನ್ ಅದರ ಹಿಗ್ಗುವ ಗುಣವನ್ನು ತಿನ್ನುತ್ತದೆ. ನಿತ್ಯ ಕೊಳದಲ್ಲಿ ಅಭ್ಯಾಸ ಮಾಡುವವರಿಗೆ ಪಾಲಿಯೆಸ್ಟರ್ ಬಟ್ಟೆಯದು ಹೆಚ್ಚು ಬಾಳಿಕೆ ಬರುತ್ತದೆ. ಯಾವುದೇ ಆದರೂ ಬಳಸಿದ ಕೂಡಲೇ ಸಿಹಿನೀರಿನಲ್ಲಿ ಜಾಲಿಸಿ, ಹಿಂಡದೆ, ನೆರಳಿನಲ್ಲಿ ಒಣಗಿಸಬೇಕು.

ನಮ್ಮ ಕಡಲಿಗೆ ಇಳಿಯುವವರು ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಖ ಕೆಳಗಾಗಿ ಈಜುವವರ ಬೆನ್ನು, ಭುಜ, ತೊಡೆಯ ಹಿಂಭಾಗ ಬಿಸಿಲಿಗೆ ನೇರವಾಗಿ ಒಡ್ಡಿಕೊಂಡಿರುತ್ತವೆ. ನೀರಿನ ತಂಪಿನಲ್ಲಿ ಸುಟ್ಟದ್ದು ಗೊತ್ತಾಗುವುದಿಲ್ಲ, ರಾತ್ರಿ ಮಲಗುವಾಗ ತಿಳಿಯುತ್ತದೆ. ಯುಪಿಎಫ್ 50 ಎಂದು ಬರೆದಿರುವ ಬಟ್ಟೆ ಅತಿನೇರಳೆ ಕಿರಣಗಳಲ್ಲಿ 50ರಲ್ಲಿ 1 ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಆದ್ದರಿಂದ ಒನ್-ಪೀಸ್ ಇರಲಿ ಬಿಕಿನಿ ಇರಲಿ, ಅದರ ಮೇಲೆ ಅಲೆಸವಾರರು ಬಳಸುವ ಮೈಗಂಟುವ ತುಂಬುತೋಳಿನ ರ‍್ಯಾಶ್‌ಗಾರ್ಡ್ ಅಂಗಿಯನ್ನು ತೊಡುವುದು ನಮ್ಮಲ್ಲಿ ಬಹಳ ಉಪಯುಕ್ತ. ಜೆಲ್ಲಿ ಮೀನುಗಳು ತೇಲಿಬರುವ ದಿನಗಳಲ್ಲಿ ಅದು ತೋಳಿಗೂ ಹೊಟ್ಟೆಗೂ ರಕ್ಷಣೆ ಕೊಡುತ್ತದೆ. ನೇತ್ರಾಣಿ ದ್ವೀಪದ ಬಳಿ ಮುಳುಗಿ ಹವಳ ನೋಡಲು ಹೋಗುವವರಿಗೂ ಮೈ ಮುಚ್ಚಿದ ಉಡುಪೇ ಕ್ಷೇಮ.

ಇಷ್ಟೆಲ್ಲ ಬರೆದರೂ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಒನ್-ಪೀಸೋ ಬಿಕಿನಿಯೋ ಎಂಬ ಆಯ್ಕೆಗೇ ಬರಲಾಗದ ಹೆಣ್ಣುಮಕ್ಕಳ ಸ್ಥಿತಿ. ನಮ್ಮ ತೀರಗಳಲ್ಲಿ ನೀರಿಗಿಳಿಯುವ ಹೆಂಗಸರಲ್ಲಿ ಬಹುಪಾಲು ಜನ ಚೂಡಿದಾರ, ಸೀರೆ, ಜೀನ್ಸ್ ತೊಟ್ಟೇ ಇಳಿಯುತ್ತಾರೆ. ಹತ್ತಿಯ ಬಟ್ಟೆ ನೀರನ್ನು ಹೀರಿಕೊಂಡು ಕಾಲಿಗೆ ಸುತ್ತಿಕೊಳ್ಳುತ್ತದೆ, ವೇಲ್ ಕುತ್ತಿಗೆಗೆ ತೊಡರುತ್ತದೆ, ಕಾಲು ಬಡಿಯಲು ಬಿಡುವುದಿಲ್ಲ. ನೀರಿನಿಂದ ಮೇಲೇಳುವ ಹೊತ್ತಿಗೆ ಅದರ ಭಾರ ಪೂರ್ತಿ ಮೈಮೇಲೆ ಬೀಳುತ್ತದೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದುದನ್ನು ಈ ಜಿಲ್ಲೆ ಮರೆತಿಲ್ಲ. ಆ ದುರಂತಕ್ಕೆ ಉಡುಪನ್ನು ಕಾರಣವೆಂದು ನಾನು ಹೇಳುತ್ತಿಲ್ಲ. ಕಡಲ ಸೆಳೆತಕ್ಕೆ ಸಿಕ್ಕವರನ್ನು ಯಾವ ಉಡುಪೂ ಉಳಿಸುವುದಿಲ್ಲ. ಸೆಳೆತದ ಎದುರು ಈಜದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕೆಂಬ ತಿಳಿವಳಿಕೆ, ಕೆಂಪು ಬಾವುಟ ಕಂಡಾಗ ನೀರಿಗಿಳಿಯದ ಶಿಸ್ತು, ಎಲ್ಲಕ್ಕಿಂತ ಮೊದಲು ಈಜು ಬರುವುದು ಮುಖ್ಯ. ಆದರೆ ಈಜುಡುಗೆ ತೊಡಲು ಮನೆಯಲ್ಲಿ ಒಪ್ಪಿಗೆಯಿಲ್ಲದ ಕಾರಣಕ್ಕೆ ಎಷ್ಟು ಹುಡುಗಿಯರು ಈಜು ಕಲಿಯುವುದನ್ನೇ ಬಿಟ್ಟಿದ್ದಾರೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ದೊಡ್ಡವಳಾದಳೆಂದು ಮಗಳನ್ನು ಕೊಳದಿಂದ ಬಿಡಿಸುವ ತಂದೆತಾಯಿಗಳು ಅದೇ ಮಗಳನ್ನು ನೆಂಟರ ಜತೆ ಚೂಡಿದಾರದಲ್ಲಿ ಅಲೆಗೆ ಕಳಿಸುತ್ತಾರೆ. ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ, 14 ವರ್ಷದ ಧಿನಿಧಿ ದೇಸಿಂಘು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದರು. ಕಡಲ ಮಗ್ಗುಲಲ್ಲಿಯೇ ಹುಟ್ಟಿದ ನಮ್ಮ ಮಕ್ಕಳು ಹರೆಯಕ್ಕೆ ಕಾಲಿಡುತ್ತಲೇ ನೀರನ್ನು ಬಿಡುವುದು ನನಗೆ ತೀರ ನೋವಿನ ಸಂಗತಿ. ಮುಟ್ಟಿನ ದಿನಗಳ ಅಂಜಿಕೆಯೂ ಇದಕ್ಕೆ ಒಂದು ಕಾರಣ. ಮುಟ್ಟಿನ ಕಪ್ ಬಳಸಲು ಕಲಿತವರು ಗಾಢ ಬಣ್ಣದ ಈಜುಡುಗೆಯಲ್ಲಿ ಆ ದಿನಗಳಲ್ಲಿಯೂ ನಿಶ್ಚಿಂತೆಯಿಂದ ಈಜುತ್ತಾರೆ.

ಮರ್ಯಾದೆಯ ಮಾತಿಗೆ ಬರುವುದಾದರೆ, ಈ ಜಿಲ್ಲೆಯಲ್ಲಿ ಉಡುಪಿಗೆ ಒಂದೇ ಅಳತೆಗೋಲು ಎಂದೂ ಇರಲಿಲ್ಲ. ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲಿಗ ಹಿರಿಯರು ರವಿಕೆಯಿಲ್ಲದೆ, ಕೊರಳ ತುಂಬ ಮಣಿಸರ ಹಾಕಿಕೊಂಡು, ಭುಜ ಬರಿದಾಗಿರುವಂತೆ ಸೀರೆಯುಟ್ಟು ಬಾಳಿದವರು. ಆ ಸಮುದಾಯದವರೇ ಆದ ಸುಕ್ರಿ ಬೊಮ್ಮಗೌಡ ಮತ್ತು ತುಳಸಿ ಗೌಡ ಅವರು ಪದ್ಮಶ್ರೀಯ ಗೌರವ ಪಡೆದಾಗ ಇಡೀ ಜಿಲ್ಲೆ ಹೆಮ್ಮೆಪಟ್ಟಿತು. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಚಿಪ್ಪಿಕಲ್ಲು ಆಯುವ ಹೆಂಗಸರು ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟುತ್ತಾರೆ, ಏಕೆಂದರೆ ಆ ಕೆಲಸ ಅದನ್ನು ಬೇಡುತ್ತದೆ. ಈಜುವ ಹುಡುಗಿಯ ಉಡುಪನ್ನೂ ಅವಳ ಕೆಲಸಕ್ಕೆ ತಕ್ಕ ಉಡುಪೆಂದು ನೋಡಲು ನಮಗೆ ಸಾಧ್ಯವಾಗಬೇಕು. ಹಾಗೆಂದು ಸ್ಥಳದ ಔಚಿತ್ಯವನ್ನು ಮರೆಯಬೇಕಿಲ್ಲ. ಗೋಕರ್ಣದ ಮುಖ್ಯ ಕಡಲತೀರದಲ್ಲಿ ಜನ ತೀರ್ಥಸ್ನಾನಕ್ಕೆ, ಪಿತೃಕಾರ್ಯಕ್ಕೆ ಬರುತ್ತಾರೆ. ಅಲ್ಲಿ ಈಜಿ ಮೇಲೆ ಬಂದವರು ಒಂದು ಪಂಚೆಯನ್ನೋ ಟವೆಲನ್ನೋ ಸುತ್ತಿಕೊಂಡು ಪೇಟೆಗೆ ನಡೆಯುವುದು ಬೇರೆಯವರ ಶ್ರದ್ಧೆಗೆ ಕೊಡುವ ಗೌರವ. ಓಂ ಬೀಚಿನಲ್ಲಿ ಅದೇ ಕಟ್ಟುಪಾಡನ್ನು ಹೇರುವ ಅಗತ್ಯ ನನಗೆ ಕಾಣುವುದಿಲ್ಲ.

ಉಡುಪನ್ನು ಆದೇಶದಿಂದ ನಿರ್ಧರಿಸಲು ಹೊರಟವರಿಗೆ ಎರಡೂ ದಿಕ್ಕಿನಲ್ಲಿ ಸೋಲಾಗಿದೆ. 2016ರಲ್ಲಿ ಫ್ರಾನ್ಸಿನ ಕೆಲವು ಪಟ್ಟಣಗಳು ಮೈಯೆಲ್ಲ ಮುಚ್ಚುವ ಬುರ್ಕಿನಿಯನ್ನು ಕಡಲತೀರದಲ್ಲಿ ನಿಷೇಧಿಸಿದಾಗ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಅಂಥ ಒಂದು ಆದೇಶವನ್ನು ತಡೆಹಿಡಿಯಿತು. 2021ರಲ್ಲಿ ಬಿಕಿನಿಯ ಬದಲು ಚಡ್ಡಿ ತೊಟ್ಟು ಬೀಚ್ ಹ್ಯಾಂಡ್‌ಬಾಲ್ ಆಡಿದ ನಾರ್ವೆಯ ಆಟಗಾರ್ತಿಯರಿಗೆ 1500 ಯೂರೊ ದಂಡ ಹಾಕಲಾಯಿತು. ಟೀಕೆಗಳ ನಂತರ ಅದೇ ವರ್ಷ ಆ ನಿಯಮವನ್ನೇ ಬದಲಿಸಬೇಕಾಯಿತು.

ಆದ್ದರಿಂದ ಜಿಲ್ಲಾಡಳಿತಕ್ಕೆ ಮತ್ತು ಪ್ರವಾಸೋದ್ಯಮ ಇಲಾಖೆಗೆ ನನ್ನ ವಿನಂತಿ ಉಡುಪಿನ ಫಲಕಗಳ ಬಗ್ಗೆ ಇಲ್ಲ, ಬಟ್ಟೆ ಬದಲಿಸುವ ಕೋಣೆಗಳ ಬಗ್ಗೆ. ಹೊನ್ನಾವರದ ಕಾಸರಕೋಡ ತೀರಕ್ಕೆ 2020ರಲ್ಲಿ ಶುಚಿತ್ವ, ಸುರಕ್ಷತೆಗಳಿಗಾಗಿ ಕೊಡುವ ಅಂತರರಾಷ್ಟ್ರೀಯ ‘ನೀಲಿ ಬಾವುಟ’ದ (ಬ್ಲೂ ಫ್ಲ್ಯಾಗ್) ಮಾನ್ಯತೆ ಸಿಗುವಲ್ಲಿ ಇಂಥ ಸೌಲಭ್ಯಗಳೂ ಸೇರಿದ್ದವು. ಚಿಲಕ ಭದ್ರವಾಗಿರುವ, ಸಿಹಿನೀರಿನ ಶವರ್ ಇರುವ, ಮಹಿಳಾ ಸಿಬ್ಬಂದಿ ನೋಡಿಕೊಳ್ಳುವ ಕೋಣೆಗಳು ಕಾರವಾರದಿಂದ ಭಟ್ಕಳದವರೆಗೆ ಜನ ನೀರಿಗಿಳಿಯುವ ಪ್ರತಿಯೊಂದು ತೀರದಲ್ಲಿಯೂ ಬೇಕು. ಬಟ್ಟೆ ಬದಲಿಸುವ ಹೆಣ್ಣಿನ ಚಿತ್ರವನ್ನು ಕದ್ದು ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧವೆಂದು ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಅಲ್ಲಿ ಬರೆಯಿಸಬೇಕು. ಈಜುಕೊಳಗಳನ್ನು ನಡೆಸುವವರು ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯವನ್ನೂ ಮಹಿಳಾ ತರಬೇತುದಾರರನ್ನೂ ಒದಗಿಸಿ, ಮೊಣಕಾಲುದ್ದದ ಉಡುಪು ಮತ್ತು ತುಂಬುತೋಳಿನ ಈಜಂಗಿಗಳಿಗೆ ಸ್ಪಷ್ಟ ಅನುಮತಿ ಕೊಡಬೇಕು. ಕಾರವಾರ, ಕುಮಟೆ, ಶಿರಸಿಯ ಕ್ರೀಡಾ ಸಾಮಗ್ರಿ ವ್ಯಾಪಾರಿಗಳಲ್ಲಿಯೂ ಒಂದು ಕೋರಿಕೆ: ಚಿಕ್ಕ ಮಕ್ಕಳ ಅಳತೆಗೆ ನಿಲ್ಲಿಸದೆ, ಬೆಳೆದ ಹುಡುಗಿಯರಿಗೂ ಅವರ ತಾಯಂದಿರಿಗೂ ಆಗುವ ಅಳತೆಯ ಈಜುಡುಗೆಗಳನ್ನು ತರಿಸಿ, ತೊಟ್ಟು ನೋಡಲು ಜಾಗ ಮಾಡಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ
ಕೋಡಿಬಾಗ, ಕಾರವಾರ