ಎರಡು ಫೋಟೊಗಳ ನಡುವಿನ ಒಂಬತ್ತು ವಾರ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ತೂಕ ಇಳಿಸುವ ಆಪರೇಷನ್ ಬಗ್ಗೆ ಅರ್ಧ ಪುಟ ಬಂದಿತ್ತು. ಎಡಕ್ಕೆ ದಪ್ಪಗಿನ ಹೆಂಗಸು, ಬಲಕ್ಕೆ ಅದೇ ಹೆಂಗಸು ತೆಳ್ಳಗೆ. ಆ ಪುಟ ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಇಬ್ಬರು ಗಿರಾಕಿಗಳು ನನ್ನ ಅಂಗಡಿಗೆ ಬಂದರು. ಬ್ಲೌಸಿನ ಅಳತೆ ಕೊಡುವುದು ನೆಪ. "ಅಕ್ಕಾ, ನೀವೂ ಇದನ್ನೇ ಮಾಡಿಸಿದ್ದಲ್ಲ? ಇಷ್ಟು ಜಲ್ದಿ ಇಳೀತದೇನು?"

ಇಳಿಯುತ್ತದೆ. ಆಮೇಲೆ ನಿಲ್ಲುತ್ತದೆ. ನಿಂತಾಗ ಏನು ಮಾಡಬೇಕು ಅನ್ನುವುದು ಆ ಎರಡು ಫೋಟೊಗಳ ನಡುವೆ ಎಲ್ಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಾನು ಕಲಬುರಗಿಯ ಬ್ರಹ್ಮಪುರದಲ್ಲಿ 19 ವರ್ಷದಿಂದ ಲೇಡೀಸ್ ಟೈಲರ್. ವಯಸ್ಸು 46, ಎತ್ತರ ಐದಡಿ ಒಂದಿಂಚು. 14 ತಿಂಗಳ ಹಿಂದೆ, ದಸರಾ ಸೀಸನ್ ಮುಗಿಸಿಕೊಂಡು, ಹೈದರಾಬಾದಿಗೆ ಹೋಗಿ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಆಗ 118 ಕೆ.ಜಿ. ಇದ್ದೆ. ಶುಗರ್ ಇತ್ತು. ಮೊಣಕಾಲು ನೋವಿಗೆ ಪೆಡಲ್ ತುಳಿಯಲು ಆಗದೆ ಮಷೀನಿಗೆ ಮೋಟರ್ ಹಾಕಿಸಿದ್ದೆ. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಭಾಗದಷ್ಟು ಕತ್ತರಿಸಿ ತೆಗೆದು, ಉಳಿದದ್ದನ್ನು ಉದ್ದಕ್ಕೆ, ಸಪೂರಕ್ಕೆ ಮುಚ್ಚುತ್ತಾರೆ. ಸ್ಲೀವ್ ಅಂದರೆ ತೋಳು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೂರನೇ ವಾರವೇ ಒಮ್ಮೆ ತೂಕ ನಿಂತಿತ್ತು. ಅದು ಬಹಳ ಜನರಿಗೆ ಆಗುತ್ತದಂತೆ. ಲಿವರಿನಲ್ಲೂ ಸ್ನಾಯುಗಳಲ್ಲೂ ದೇಹ ಕೂಡಿಟ್ಟ ಸಕ್ಕರೆಯಂಥ ದಾಸ್ತಾನು, ಗ್ಲೈಕೋಜೆನ್ ಅಂತಾರೆ, ಅದು ಮೊದಲು ಖರ್ಚಾಗುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಮೊದಲ ದಿನಗಳಲ್ಲಿ ಭರ್ರಂತ ಇಳಿದದ್ದರಲ್ಲಿ ಈ ನೀರಿನ ಪಾಲೂ ಜಾಸ್ತಿ, ಆ ನೀರು ಹೋದ ಮೇಲೆ ಇಳಿತ ನಿಂತಂತೆ ಕಾಣುತ್ತದೆ. ಅದು ಹತ್ತೇ ದಿನದಲ್ಲಿ ಸರಿ ಹೋಯಿತು. ಹಾಗಾಗಿ ಮರೆತುಬಿಟ್ಟೆ.

ನಿಜವಾಗಿ ನಿಂತದ್ದು ಏಪ್ರಿಲ್ ಕೊನೆಗೆ. 87.4. ಮರುವಾರ 87.4. ಅದರ ಮರುವಾರ 87.6! ಹೀಗೆ ಒಂಬತ್ತು ವಾರ. ತೂಕದ ಮಷೀನೇ ಕೆಟ್ಟಿದೆ ಅಂತ ಪಕ್ಕದ ಕಿರಾಣಿ ಅಂಗಡಿಯವರ ಗೋಧಿ ಚೀಲ ತಂದು ಇಟ್ಟು ನೋಡಿದೆ. ಸರಿಯಾಗಿ 25 ತೋರಿಸಿತು. "ರೊಕ್ಕ ನೀರಾಗ ಹಾಕಿದಂಗಾತು" ಅಂತ ನಮ್ಮ ಅತ್ತೆ ಅಂದದ್ದು ನನಗೆ ಕೇಳಲಿ ಅಂತಲೇ ಅಂದದ್ದು.

ಆಗ ನಾನು ಮಾಡಿದ್ದು ಶುದ್ಧ ತಪ್ಪು. ಊಟವನ್ನೇ ಬಿಟ್ಟೆ. ಮಜ್ಜಿಗೆ, ಜೀರಿಗೆ ಕಷಾಯ, ಅಷ್ಟೇ. ಒಂಬತ್ತನೇ ದಿನ ಮದುವೆ ಬ್ಲೌಸಿಗೆ ಕೈ ಹಚ್ಚುತ್ತಿದ್ದಾಗ ಕಣ್ಣು ಕತ್ತಲೆ ಬಂದು ಸೂಜಿ ತೋರುಬೆರಳಿನ ಉಗುರಿನೊಳಗೇ ಇಳಿಯಿತು. ಮುರಿದ ತುದಿ ತೆಗೆಸಲು ಹೋದಾಗ ಇಲ್ಲಿನ ಡಾಕ್ಟರು ರಕ್ತ ಪರೀಕ್ಷೆಯನ್ನೂ ಬರೆದುಕೊಟ್ಟರು. ಥೈರಾಯ್ಡ್ ಸರಿ ಇತ್ತು. ಬಿ12 ಕಡಿಮೆ, ಕಬ್ಬಿಣಾಂಶವೂ ಕಡಿಮೆ. ಗುಳಿಗೆ ಬಿಟ್ಟು ಎರಡು ತಿಂಗಳಾಗಿತ್ತು ನೋಡಿ. ಈ ಆಪರೇಷನ್ ಆದವರು ವಿಟಮಿನ್ ಗುಳಿಗೆಯನ್ನು ಜೀವನಪೂರ್ತಿ ಬಿಡುವಂತಿಲ್ಲ.

ಅವರೇ ಗೊತ್ತು ಮಾಡಿಕೊಟ್ಟ ಆಹಾರ ತಜ್ಞೆಯೊಬ್ಬರು ಫೋನಿನಲ್ಲಿ ಸಿಕ್ಕರು. "ಕಡಿಮೆ ತಿನ್ನಬೇಡಿ, ಬರೆದಿಟ್ಟು ತಿನ್ನಿ" ಅಂದರು. ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ವಾರ ಬಾಯಿಗೆ ಹೋದದ್ದೆಲ್ಲ ಬರೆದೆ. ಮೇ ತಿಂಗಳು ನಮಗೆ ಮದುವೆ ಸೀಸನ್. ರಾತ್ರಿ 12ರವರೆಗೆ ಮಷೀನು. ಗಿರಾಕಿ ಬಂದರೆ ಚಾ, ದಾರದ ಅಂಗಡಿಯವನು ಬಂದರೆ ಚಾ. ಕುಡಿಯಲ್ಲ ಅಂದರೆ ನಮ್ಮ ಕಡೆ ಬೇಜಾರು ಮಾಡಿಕೊಳ್ಳುತ್ತಾರೆ, ಅಲ್ವಾ? ಅರ್ಧರ್ಧ ಕಪ್ಪಿನಂತೆ ದಿನಕ್ಕೆ ಏಳು. ಸಕ್ಕರೆ, ಹಾಲು ಸೇರಿ ಹತ್ತಿರ ಹತ್ತಿರ 400 ಕ್ಯಾಲೊರಿ! ಜೊತೆಗೆ ಡಬ್ಬಿಯಲ್ಲಿ ಚೂಡಾ. ಕಾಲು ರೊಟ್ಟಿ ಪಲ್ಯ ತಿಂದರೆ ನನ್ನ ಹೊಟ್ಟೆ ಸಾಕು ಅನ್ನುತ್ತದೆ. ಚೂಡಾ, ಬಿಸ್ಕತ್ತು ಮಾತ್ರ ಎಷ್ಟು ತಿಂದರೂ ಸುಮ್ನೆ ಜಾರಿ ಹೋಗುತ್ತವೆ. ಆಪರೇಷನ್ ಅವುಗಳಿಗೆ ಬಾಗಿಲು ಹಾಕುವುದಿಲ್ಲ.

ಇನ್ನೊಂದು ವಿಷಯಕ್ಕೆ ನನಗೇ ನಾಚಿಕೆಯಾಯಿತು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು ಅಂತ ಮೊದಲೇ ಹೇಳಿದ್ದರು. ನಮ್ಮದು ಮೊಟ್ಟೆ ಬಾರದ ಮನೆ. ಬೇಳೆ ತಿನ್ನುತ್ತೇನಲ್ಲ ಅಂತ ಧೈರ್ಯವಾಗಿದ್ದೆ. ತಿನ್ನುತ್ತಿದ್ದದ್ದು ಬೇಳೆಯಲ್ಲ, ಬೇಳೆಕಟ್ಟಿನ ತಿಳಿಸಾರು. ತೊಗರಿ ಕಣಜ ಅನ್ನಿಸಿಕೊಂಡ ಊರು, ಈ ಊರಿನದೇ ವಿಶೇಷ ಬೆಳೆ ಅಂತ 2019ರಲ್ಲಿ ಜಿಐ ಟ್ಯಾಗ್ ಪಡೆದ ತೊಗರಿ, ಅದರ ನೀರು ಕುಡಿದು ನಾನು ಪ್ರೊಟೀನ್ ಲೆಕ್ಕ ಹಾಕುತ್ತಿದ್ದೆ. 50 ಗ್ರಾಂ ಒಣಬೇಳೆಯಲ್ಲಿ ಸುಮಾರು 11 ಗ್ರಾಂ ಪ್ರೊಟೀನ್ ಇರುತ್ತದೆ, ಆದರೆ ಬೇಳೆಯನ್ನೇ ತಿನ್ನಬೇಕು. ಈಗ ಚಮಚ ನಿಲ್ಲುವಷ್ಟು ಗಟ್ಟಿ ಬೇಳೆ ಮೊದಲು, ಆಮೇಲೆ ಪಲ್ಯ, ಕೊನೆಗೆ ಜಾಗ ಇದ್ದರೆ ರೊಟ್ಟಿ. ಮಧ್ಯೆ ಹೆಸರುಕಾಳು ಉಸುಳಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಪನೀರು, ಸಾಲದ್ದಕ್ಕೆ ಹಾಲಿಗೆ ಪ್ರೊಟೀನ್ ಪುಡಿ. ಶೇಂಗಾ ಹಿಂಡಿಯನ್ನು ಚಮಚದಿಂದ ಅಳೆದು ಹಾಕಿಕೊಳ್ಳುತ್ತೇನೆ. ಅದನ್ನು ನೋಡಿ ಅತ್ತೆ ನಗುತ್ತಾರೆ. ನಗಲಿ.

ಬಿಸಿಲಿನ ನೆಪ ಹೇಳಿ ನಡಿಗೆಯನ್ನೂ ಬಿಟ್ಟಿದ್ದೆ. 42 ಡಿಗ್ರಿಯಲ್ಲಿ ಯಾರು ನಡೆಯುತ್ತಾರೆ? ಈಗ ಬೆಳಿಗ್ಗೆ ಐದೂವರೆಗೆ ಅಪ್ಪನ ಕೆರೆ ಸುತ್ತ ನಡೆಯುತ್ತೇನೆ. ವಾರಕ್ಕೆ ಮೂರು ದಿನ ಎರಡು ಲೀಟರಿನ ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು ಎತ್ತಿ ಇಳಿಸುತ್ತೇನೆ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದು ಕರಗಿದರೆ ದೇಹದ ಖರ್ಚೂ ಇಳಿಯುತ್ತದೆ. ಮೊದಲೇ 118 ಕೆ.ಜಿ. ಹೊತ್ತು ಮೆಟ್ಟಿಲು ಹತ್ತುವ ಖರ್ಚು ಬೇರೆ, 87 ಹೊತ್ತು ಹತ್ತುವ ಖರ್ಚು ಬೇರೆ.

ಊಟ ಬರೆಯಲು ಅಳತೆ ಪುಸ್ತಕದ ಹಾಳೆ ಮಗುಚುವಾಗ ನನ್ನದೇ ಅಳತೆಯ ಪುಟ ಸಿಕ್ಕಿತು. ಏಪ್ರಿಲ್‌ನಲ್ಲಿ ಬರೆದದ್ದು: ಸೊಂಟ 44, ತೋಳು 16. ಟೇಪು ಕೊರಳಲ್ಲೇ ನೇತಾಡುತ್ತಿತ್ತು. ಸುತ್ತಿ ನೋಡಿದೆ. ಸೊಂಟ ನಲವತ್ತೆರಡೂವರೆ, ತೋಳು ಹದಿನೈದೂಕಾಲು. ಇನ್ನೊಮ್ಮೆ ಸುತ್ತಿದೆ. ಅಷ್ಟೇ. ತೂಕ ನಿಂತಿದ್ದ ಅದೇ ವಾರಗಳಲ್ಲಿ ಒಂದೂವರೆ ಇಂಚು ಹೋಗಿತ್ತು. ದಿನಕ್ಕೆ ಹತ್ತು ಜನರ ಅಳತೆ ತೆಗೆಯುವವಳಿಗೆ ತನ್ನದೇ ತೆಗೆಯಲು ತೋಚಿರಲಿಲ್ಲ.

ಜೂನ್ ಕೊನೆಗೆ, ಮದುವೆ ಕೆಲಸ ಮುಗಿದು ರಾತ್ರಿ ಏಳು ಗಂಟೆ ನಿದ್ದೆ ಆಗತೊಡಗಿದ ಮೇಲೆ, ಮಷೀನು 86.8 ತೋರಿಸಿತು. ಆಮೇಲೆ ವಾರಕ್ಕೆ 300, 400 ಗ್ರಾಂ ಇಳಿಯಿತು, ಕೆಲವು ವಾರ ಏನೂ ಇಲ್ಲ. ಈಗ 79. ಮೂರು ವಾರದಿಂದ ಮತ್ತೆ ಅಲ್ಲೇ ನಿಂತಿದೆ. ಚೂಡಾ ಡಬ್ಬಿ ತೆಗೆದಿದ್ದೇನಾ ಅಂತ ಪುಸ್ತಕ ನೋಡಿದೆ. ಎರಡು ಸಲ ತೆಗೆದಿದ್ದೇನೆ.

ನಿಮ್ಮಲ್ಲಿ ಒಂದು ವಿನಂತಿ. ಆಸ್ಪತ್ರೆಯಲ್ಲಿ ಕೊಟ್ಟ ಆಹಾರದ ಪಟ್ಟಿ ಇಂಗ್ಲಿಷಿನಲ್ಲಿತ್ತು. ಬ್ರೊಕೊಲಿ, ಟೋಫು, ಸುಟ್ಟ ಮೀನು. ನನ್ನ ಮಗಳು ಓದಿ ಹೇಳಿದಳು, ಇಬ್ಬರೂ ನಕ್ಕು ಮಡಿಚಿಟ್ಟೆವು. ಮುಂದಿನ ಸಲ ಈ ಆಪರೇಷನ್ ಬಗ್ಗೆ ಬರೆಸುವಾಗ ಒಬ್ಬ ಆಹಾರ ತಜ್ಞರಿಂದ ನಮ್ಮ ಊಟದ ಲೆಕ್ಕ ಬರೆಸಿ. ಒಂದು ಕಟಕ್ ರೊಟ್ಟಿಗೆ ಎಷ್ಟು, ಒಂದು ವಾಟಿ ಪುಂಡಿಪಲ್ಯಕ್ಕೆ ಎಷ್ಟು, ಎಳ್ಳ ಅಮಾವಾಸ್ಯೆಯ ಭಜ್ಜಿ ಎಷ್ಟು ಚಮಚ ತಿನ್ನಬಹುದು ಅಂತ. ಎರಡು ಫೋಟೊ ಹಾಕುವ ಜಾಗದಲ್ಲಿ ಅದು ಹಿಡಿಯುತ್ತದೆ.

ನನ್ನ ಹೆಸರು ಹಾಕಬೇಡಿ. ಗೊತ್ತಾಗುವವರಿಗೆ ಹೇಗೂ ಗೊತ್ತಾಗುತ್ತದೆ.

ಒಬ್ಬ ಲೇಡೀಸ್ ಟೈಲರ್,
ಬ್ರಹ್ಮಪುರ, ಕಲಬುರಗಿ