ಪತ್ತಾಯದ ಅಕ್ಕಿ ಬರ್ಮಾದ್ದಾ?

ಮಗಳೇ,

ಸಮುದ್ರದ ವ್ಯಾಪಾರದ ಬಗ್ಗೆ ನೀನು ಬರೆದ ಪುಸ್ತಕದ ಕಟ್ಟು ಬಂದು ಇಪ್ಪತ್ತು ದಿನ ಆಯ್ತು. ತಡ ಆದದ್ದಕ್ಕೆ ಬೇಜಾರು ಮಾಡ್ಬೇಡ, ಕಣ್ಣಿನ ಪೊರೆ ಆಪರೇಷನ್ ಆಗಿ ಡ್ರಾಪ್ಸ್ ಹಾಕ್ಕೊಂಡು ಕೂತಿದ್ದೆ, ಅರ್ಧ ಮೊಮ್ಮಗ ಓದಿ ಹೇಳಿದ, ಉಳಿದರ್ಧ ನಾನೇ ಓದಿದೆ. ಕೊನೇ ಪುಟದ ಅಡಿಯಲ್ಲಿ ಪೆನ್ಸಿಲಿನಲ್ಲಿ "ಇನ್ನು ಬರೆಯುದಿಲ್ಲ ಮಾಷ್ಟ್ರೇ, ಇದು ನನ್ನಿಂದ ಆಗುವಂತದ್ದಲ್ಲ" ಅಂತ ಬರೆದಿದ್ದೀಯಲ್ಲ, ಮೊದಲು ನಗು ಬಂತು, ಆಮೇಲೆ ಎಂತದೋ ಸಂಕಟ ಆಯ್ತು. 180 ಪುಟ ಬರೆದು ಮುಗಿಸಿದವಳು ಹೇಳುವ ಮಾತಾ ಮಾರಾಯ್ತಿ ಅದು?

ಕಾಗುಣಿತ, ಅಧ್ಯಾಯಕ್ಕೆ ಹೆಸರು, ಯಾರು ಪ್ರಿಂಟ್ ಮಾಡ್ತಾರೆ, ಅದೆಲ್ಲ ನನ್ನ ಹತ್ರ ಕೇಳ್ಬೇಡ. ಅದಕ್ಕೆ ಜನ ಇದ್ದಾರೆ.

ಮೊದಲು ಒಂದು ಜಗಳ ಮುಗಿಸ್ತೇನೆ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದ್ರು, ದಾರಿ ಮುಚ್ಚಿ ಹೋಯ್ತು, ಹಾಗಾಗಿ ಯುರೋಪಿನವರು ಸಮುದ್ರಕ್ಕೆ ಇಳಿದ್ರು, 1498ಕ್ಕೆ ಗಾಮ ಕಲ್ಲಿಕೋಟೆಗೆ ಬಂದ ಅಂತ ಬರ್ದಿದ್ದೀಯ. ಇದನ್ನ ನಾನೂ ಶಾಲೆಯಲ್ಲಿ ಬಾಯಿಪಾಠ ಮಾಡಿ ಮುವ್ವತ್ತು ವರ್ಷ ಮಕ್ಕಳಿಗೂ ಹೇಳಿಕೊಟ್ಟಿದ್ದೇನೆ, ಆ ಪಾಪ ನಂಗೂ ಉಂಟು. ಆದ್ರೆ ನಮ್ಮ ಕಡೆಯ ಒಳ್ಳೆಮೆಣಸು ಕೆಂಪು ಸಮುದ್ರದಲ್ಲಿ ಈಜಿಪ್ಟಿಗೆ ಹೋಗಿ ಅಲೆಕ್ಸಾಂಡ್ರಿಯಾದಲ್ಲಿ ವೆನಿಸಿನವರ ಕೈಗೆ ಸೇರ್ತಿತ್ತು, ಆ ಈಜಿಪ್ಟು ತುರ್ಕರಿಗೆ ಸಿಕ್ಕಿದ್ದೇ 1517ರಲ್ಲಿ, ಅಷ್ಟೊತ್ತಿಗೆ ಪೋರ್ಚುಗೀಸರು ಗೋವೆ, ಮಲಕ್ಕ, ಹೊರ್ಮುಜ್ ಎಲ್ಲ ಹಿಡ್ಕೊಂಡು ಆಗಿತ್ತು. ವೆನಿಸಿನವರೂ ಈಜಿಪ್ಟಿನವರೂ ಮಾಡ್ತಿದ್ದ ಲಾಭ ನೋಡಿ ಹೊಟ್ಟೆ ಉರಿದು ಬಂದವರು ಅವ್ರು, ಜೊತೆಗೆ ಮುಸಲ್ಮಾನರ ಮೇಲಿನ ಹಠ ಬೇರೆ. ಬಂದವರೇ ಕರ್ತಾಜ್ ಅಂತ ಒಂದು ಪಾಸು ಮಾಡಿ, ಅದಿಲ್ಲದ ಹಡಗನ್ನ ಲೂಟಿ ಮಾಡ್ಲಿಕ್ಕೆ ಶುರು ಮಾಡಿದ್ರು. ಇಷ್ಟು ವರ್ಷ ಯಾರ ಪಾಸೂ ಇಲ್ಲದೆ ಹೋಗಿ ಬರ್ತಿದ್ದ ಸಮುದ್ರಕ್ಕೆ ಟೋಲ್ ಗೇಟ್ ಹಾಕಿದ ಹಾಗೆ.

ಒಳ್ಳೆಮೆಣಸು ಅಂತ ಅಂದೆ ಅಲ್ವಾ. ನಿನ್ನ ಪುಸ್ತಕದಲ್ಲಿ ಎಲ್ಲಾ ಕಡೆ "ಕರಿಮೆಣಸು" ಅಂತ ಉಂಟು. ನಿಮ್ಮ ಮನೆಯಲ್ಲಿ ಹಾಗೆ ಯಾರಾದ್ರೂ ಹೇಳ್ತಾರಾ? ಅಮೆರಿಕದ ಮೆಣಸಿನಕಾಯಿ ಪೋರ್ಚುಗೀಸರ ಜೊತೆ ಬಂದು ನಮ್ಮ ಮೆಣಸಿನ ಹೆಸರನ್ನೇ ಹಾರಿಸ್ಕೊಂಡು ಹೋಯ್ತು, ಆಮೇಲೆ ನಮ್ಮದು ಯಾವುದು ಅಂತ ಗೊತ್ತಾಗ್ಲಿಕ್ಕೆ ಅದಕ್ಕೊಂದು "ಒಳ್ಳೆ" ಸೇರಿಸ್ಬೇಕಾಯ್ತು. ಘಟ್ಟದ ಮೇಲೆ ಪಪ್ಪಾಯಿಗೆ ಪರಂಗಿ ಹಣ್ಣು ಅಂತಾರೆ, ಪರಂಗಿ ಅಂದ್ರೆ ಅದೇ ಫರಂಗಿಯವ. ಅಡಿಗೆಕೋಣೆಯ ಡಬ್ಬಿಯಲ್ಲೇ ಇಷ್ಟು ಇರುವಾಗ ನೀನು ಲೈಬ್ರರಿಯ ದಪ್ಪ ಪುಸ್ತಕದಿಂದ ಪ್ಯಾರಾಗಟ್ಟಲೆ ಎತ್ತಿಕೊಂಡು ಬಂದದ್ದು ನೋಡಿ ಸಿಟ್ಟು ಬಂತು, ನಿಜ ಹೇಳ್ತೇನೆ.

ಅಲ್ಲ, ಓಡುದಾದ್ರೂ ಎಂತಕ್ಕೆ? 12ನೇ ಪುಟದಲ್ಲಿ ಡಚ್ಚರ ಕಂಪೆನಿ, 14ಕ್ಕೆ ಪ್ಲಾಸಿ, 17ಕ್ಕೆ ಅಫೀಮು ಯುದ್ಧ ಮುಗಿದು ಹಾಂಗ್‌ಕಾಂಗ್ ಬ್ರಿಟಿಷರಿಗೆ ಹೋಗಿ ಆಯ್ತು. ಎಕ್ಸ್‌ಪ್ರೆಸ್ ರೈಲು ಕಾಸರಗೋಡು ಹತ್ರದ ನಮ್ಮ ಕುಂಬಳೆ ಸ್ಟೇಷನ್ ಬಿಟ್ಟು ಹೋಗುವ ಹಾಗೆ. ಕುಂಬಳೆಯ ಬಗ್ಗೆ ಒಂದು ಸಾಲಿಲ್ಲ! ಬಾರ್ಬೋಸ ಅನ್ನುವ ಪೋರ್ಚುಗೀಸಿನವ 1514ರ ಸುಮಾರಿಗೆ ನಮ್ಮ ಈ ಕುಂಬಳೆಯ ಬಗ್ಗೆ ಬರ್ದಿದ್ದಾನೆ, ಇಲ್ಲಿಂದ ಅಕ್ಕಿ ಮಾಲ್ಡೀವ್ಸಿಗೆ ಹೋಗ್ತಿತ್ತು, ಬದಲಿಗೆ ತೆಂಗಿನ ನಾರಿನ ಹಗ್ಗ ಬರ್ತಿತ್ತು ಅಂತ. ಅಕ್ಕಿಯೂ ಎಂತದು, ಕಪ್ಪು, ಅಗ್ಗದ್ದು, ಬಡವರು ತಿನ್ನುವಂತದ್ದು. ಆ ಹಗ್ಗದಲ್ಲಿ ಹಲಗೆ ಹೊಲಿದು ಹಡಗು ಕಟ್ಟುತ್ತಿದ್ರು, ಮೊಳೆ ಇಲ್ಲದೆ. ಪ್ರಪಂಚದ ವ್ಯಾಪಾರ ಅಂದ್ರೆ ರೇಷ್ಮೆ, ಚಿನ್ನ, ಏಲಕ್ಕಿ ಮಾತ್ರ ಅಂತ ತಿಳ್ಕೊಂಡಿದ್ದೀಯ ನೀನು, ಒಬ್ಬ ಬಡವ ತಿನ್ನುವ ಅಕ್ಕಿ ಇನ್ನೊಬ್ಬ ಬಡವ ಹೊಸೆದ ಹಗ್ಗ ಅದರಲ್ಲಿ ಬರುದೇ ಇಲ್ಲ.

ಸೂಯೆಜ್ ಕಾಲುವೆಗೂ ಎರಡೇ ಸಾಲು ಕೊಟ್ಟಿದ್ದೀಯ. 1956ರ ಅಕ್ಟೋಬರ್ 31ಕ್ಕೆ ಆ ಕಾಲುವೆಗಾಗಿ ಇಂಗ್ಲೆಂಡು ಫ್ರಾನ್ಸು ಸೇರಿ ಈಜಿಪ್ಟಿನ ಮೇಲೆ ಬಾಂಬ್ ಹಾಕ್ಲಿಕ್ಕೆ ಶುರು ಮಾಡಿದ್ವು, ಮರುದಿನ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯ್ತು. ಅಪ್ಪ ಹೇಳ್ತಿದ್ರು, ಆ ವಾರ ಚಾ ಅಂಗಡಿಯಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಒಂದು ಬಾಯಲ್ಲಿ, ಗಡಿ ಇನ್ನೊಂದು ಬಾಯಲ್ಲಿ, ಎರಡಕ್ಕೂ ಒಟ್ಟಿಗೆ ಬೈಗುಳ. ನಾನು ಇದನ್ನ ಒಮ್ಮೆ ಬರೆದು ಬೆಂಗಳೂರಿನ ಒಂದು ಪತ್ರಿಕೆಗೆ ಕೊಟ್ಟಿದ್ದೆ, ಸಂಪಾದಕರು ಕಾಸರಗೋಡಿನ ಪ್ಯಾರಾ ಮಾತ್ರ ತೆಗೆದು "ಲೋಕಲ್ ವಿಷಯ" ಅಂತ ಚೀಟಿ ಬರೆದು ಕಳಿಸಿದ್ರು. ಆ ಚೀಟಿ ಇನ್ನೂ ಇಟ್ಕೊಂಡಿದ್ದೇನೆ. ಇರ್ಲಿ ಬಿಡು.

ನಿಜವಾಗಿ ಹೇಳ್ಬೇಕಾದ್ದು ಬೇರೆ ಉಂಟು, ಅದು ನನ್ನದೇ ಕಥೆ. 1992ರಲ್ಲಿ, ರಂಗೂನ್ ಜಪಾನಿನವರಿಗೆ ಬಿದ್ದು ಐವತ್ತು ವರ್ಷ ಆದಾಗ, ನಾನೊಂದು ದೊಡ್ಡ ಲೇಖನ ಬರೆದೆ. ಬರ್ಮಾದ ಅಕ್ಕಿ ತಿಂದು ಬದುಕ್ತಿದ್ದ ನಮ್ಮ ಕರಾವಳಿಗೆ 1942ರಲ್ಲಿ ಒಮ್ಮೆಲೇ ಅಕ್ಕಿ ನಿಂತದ್ದು, ಬಂಗಾಳದಲ್ಲಿ ಜಪಾನಿನವರಿಗೆ ಸಿಗ್ಬಾರ್ದು ಅಂತ ಬ್ರಿಟಿಷರು ದೋಣಿಗಳನ್ನ ಕಸ್ಕೊಂಡದ್ದು, 1943ರಲ್ಲಿ ಅಲ್ಲಿ ಲಕ್ಷಗಟ್ಟಲೆ ಜನ ಹಸಿವಿನಲ್ಲಿ ಸತ್ತದ್ದು, ಇಲ್ಲಿ ಸರ್ಕಾರ ಅಕ್ಕಿಗೆ ರೇಟು ಕಟ್ಟಿದ ಕಂಟ್ರೋಲ್ ಕಾಲ, ಎಲ್ಲ ಬಂತು. ತಪ್ಪು ಒಂದೂ ಇರ್ಲಿಲ್ಲ. ಊರಲ್ಲಿ ಕರೆದು ಶಾಲು ಹೊದಿಸಿದ್ರು, ಹಾರ ಹಾಕಿದ್ರು, ಭಾಷಣದವರು ನನ್ನನ್ನ ಎಲ್ಲಿಗೆ ಏರಿಸಿದ್ರು ಅಂದ್ರೆ ಇಳಿಯಲಿಕ್ಕೆ ಎರಡು ತಿಂಗಳು ಬೇಕಾಯ್ತು.

ಸಭೆ ಮುಗಿದು ಮನೆಗೆ ಬಂದಾಗ ನಮ್ಮಲ್ಲಿ ಹಿಂದೆ ಒಕ್ಕಲಿದ್ದವರ ಮನೆಯ ಹೆಂಗಸು ಅಂಗಳದ ಬದಿಯಲ್ಲಿ ಕೂತು ಎಲೆ ಅಡಿಕೆ ತಿಂತಿದ್ಳು. ಯಾರೋ ಓದಿ ಹೇಳಿದ್ರಂತೆ ಅವಳಿಗೆ. "ಎಲ್ಲ ಸರಿ ಧಣಿ, ಆ ವರ್ಷ ನಿಮ್ಮ ಪತ್ತಾಯದಲ್ಲಿ ಅಕ್ಕಿ ಇತ್ತಲ್ಲ, ಅದು ಬರ್ಮಾದ್ದಾ?" ಅಂತ ಕೇಳಿದ್ಳು. ಸಿಟ್ಟಿಲ್ಲ, ಎಂತದೂ ಇಲ್ಲ, ಸುಮ್ಮನೆ ಕೇಳಿದ ಹಾಗೆ. ಅವಳ ಅಮ್ಮ 1943ರ ಮಳೆಗಾಲದಲ್ಲಿ ಗೆರಸೆ ಹಿಡ್ಕೊಂಡು ಅದೇ ಅಂಗಳದಲ್ಲಿ ಕತ್ತಲೆ ಆಗುವವರೆಗೆ ನಿಂತಿದ್ದಳಂತೆ, ನನ್ನ ಅಜ್ಜ ಅಕ್ಕಿ ಇಲ್ಲ ಅಂದ್ರಂತೆ, ಅಜ್ಜಿ ಹಿಂದಿನ ಬಾಗಿಲಿಂದ ಒಂದು ಪಾತ್ರೆ ಗಂಜಿತೆಳಿ ಕೊಟ್ಟಳಂತೆ. ಅಕ್ಕಿ ಇತ್ತು ಮಗಳೇ. ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಅಟ್ಟದಲ್ಲಿತ್ತು, ರಾತ್ರಿ ಎತ್ತಿನ ಗಾಡಿಯಲ್ಲಿ ಹೋಗ್ತಿತ್ತು, ಕಂಟ್ರೋಲ್ ರೇಟಿಗಲ್ಲ. ಅದು ನಂಗೆ ಲೇಖನ ಬರೆಯುವಾಗ್ಲೇ ಗೊತ್ತಿತ್ತು. ಅಜ್ಜನ ಲೆಕ್ಕದ ಪುಸ್ತಕ ನನ್ನ ಮೇಜಿನ ಮೇಲೇ ಇತ್ತು, ಅದರಿಂದ ಅಕ್ಕಿಯ ರೇಟು ಮಾತ್ರ ಬರ್ಕೊಂಡೆ. ಬಿಟ್ಟದ್ದು ಮರೆವಿನಲ್ಲಲ್ಲ.

ಅವಳು ತೀರಿಹೋಗಿ ಎಷ್ಟೋ ವರ್ಷ ಆಯ್ತು. ಆಮೇಲೆ ನಾನು ಆ ಲೇಖನ ಸರಿ ಮಾಡಿ ಬರೆದೆನಾ? ಇಲ್ಲ. ಚಿಕ್ಕಪ್ಪಂದಿರು ಬದುಕಿದ್ರು, ಅದು ಒಂದು ನೆವ.

ಹಾಗಾಗಿ ನಿನ್ನ 180 ಪುಟದಲ್ಲಿ ಕಳ್ಳರೆಲ್ಲ ಹಡಗಿನಲ್ಲೇ ಬಂದವರು, ದಡದಲ್ಲಿ ನಿಂತವರೆಲ್ಲ ಪಾಪದವರು ಅಂತ ಕಂಡಾಗ ನಂಗೆ ಓದ್ಲಿಕ್ಕೆ ಆಗ್ಲಿಲ್ಲ. ಹಡಗಿನವರು ಮಾಡಿದ್ದರಲ್ಲಿ ಒಂದಕ್ಷರ ಕಡಿಮೆ ಮಾಡು ಅಂತಲ್ಲ. ಆದ್ರೆ ಅವರಿಗೆ ಮೆಣಸು ತೂಗಿ ಕೊಟ್ಟವ ಯಾರು, ಸಾಲ ಕೊಟ್ಟವ ಯಾರು, ಚೀನಾಕ್ಕೆ ಹೋದ ಅಫೀಮಿನಲ್ಲಿ ಬೊಂಬಾಯಿಯ ಸೇಠುಗಳು ಎಷ್ಟು ಮಹಡಿ ಕಟ್ಟಿಸಿದ್ರು, ಅದು ಯಾವ ಪುಟದಲ್ಲೂ ಇಲ್ಲ. ಮುನ್ನುಡಿಯಲ್ಲಿ "ನನ್ನ ಮುತ್ತಜ್ಜ ಕುಂಬಳೆಯಲ್ಲಿ ಅಕ್ಕಿ, ಅಡಿಕೆ ವ್ಯಾಪಾರ ಮಾಡ್ತಿದ್ದರು" ಅಂತ ಒಂದು ಸಾಲು ಬರೆದು ಅವರಿಗೆ ಕೈಮುಗಿದು ಮುಂದೆ ಹೋಗಿದ್ದೀಯ. ಇಡೀ ಕಟ್ಟಿನಲ್ಲಿ ನಾನು ಎರಡು ಸಲ ಓದಿದ ಸಾಲು ಅದೊಂದೇ.

ಲೆಕ್ಕದ ಪುಸ್ತಕ ಇಲ್ಲೇ ಉಂಟು. ಅಂಚು ಗೆದ್ದಲು ತಿಂದಿದೆ, ಅಕ್ಷರ ಓದ್ಲಿಕ್ಕೆ ಬರ್ತದೆ. ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಬಾ, ಬದಿಯಡ್ಕದಿಂದ ಹತ್ತು ಗಂಟೆಯ ಬಸ್ಸು, ಊಟ ಇಲ್ಲೇ. 1943ರ ಆಟಿ ತಿಂಗಳ ಪುಟದಲ್ಲಿ "ಮುಡಿ 6, ರಾತ್ರಿ, ಕುಂಬಳೆ ಅಂಗಡಿ" ಅಂತ ಉಂಟು. ಯಾವ ಅಂಗಡಿ ಅಂತ ಅಜ್ಜ ಬರೆದಿಲ್ಲ.